ಆಡಬೇಕು ಅಂದರು ಮೇಷ್ಟ್ರು

ಹೋದ ವಾರ ನಮ್ಮ ಅಂಗಡಿಯಲ್ಲಿ ನೀಲಗಿರಿ ಎಣ್ಣೆಯ ಬಾಟಲಿ ಕೈಜಾರಿ ಬಿದ್ದು ಒಡೆಯಿತು. ನೆಲ ಎಷ್ಟು ಒರೆಸಿದರೂ ವಾಸನೆ ಹೋಗಲಿಲ್ಲ. ಬಂದ ಗಿರಾಕಿಗಳೆಲ್ಲ ಮೂಗು ಅರಳಿಸಿ, ಯಾರಿಗಮ್ಮ ನೆಗಡಿ ಅಂತ ವಿಚಾರಿಸಿಕೊಂಡು ಹೋದರು. ನನಗೆ ಮಾತ್ರ ಅದು ನೆಗಡಿಯ ವಾಸನೆಯಲ್ಲ. ಮಳವಳ್ಳಿಯ ಒಂದು ಮುಂದಿನ ಕೋಣೆಯ ವಾಸನೆ. ಎದೆಗೆಲ್ಲ ಎಣ್ಣೆ ಬಳಿದುಕೊಂಡು ಆರಾಮ ಕುರ್ಚಿಯಲ್ಲಿ ಒರಗಿರುತ್ತಿದ್ದ ಪುಟ್ಟಸ್ವಾಮಿ ಮೇಷ್ಟ್ರ ವಾಸನೆ. ಆ ಮುದುಕನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ವಯಸ್ಸಾದವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಅನ್ನುವವರು ಒಂದೇ ಒಂದು ಮಂಗಳವಾರ ಅವರ ಮುಂದೆ ಕೂತು ಬಂದು ಆಮೇಲೆ ನನಗೆ ಬುದ್ಧಿ ಹೇಳಲಿ.

ನಮ್ಮದು ಭಾರತೀನಗರದ ಬಸ್ ಸ್ಟ್ಯಾಂಡಿನ ಎದುರಿಗೆ ಒಂದು ಮೆಡಿಕಲ್ ಸ್ಟೋರು. ಬೋರ್ಡಿನಲ್ಲಿ ಮಾತ್ರ ಭಾರತೀನಗರ, ಜನರ ಬಾಯಲ್ಲಿ ಈಗಲೂ ದೊಡ್ಡಿ. ನಮ್ಮೆಜಮಾನ್ರು ಲಿಂಗರಾಜು ಗಲ್ಲಾದಲ್ಲಿ ಕೂರುತ್ತಾರೆ, ಫಾರ್ಮಸಿ ಓದಿದವಳು ನಾನಾದ್ದರಿಂದ ಔಷಧಿ ಕೊಡುವುದು ನಾನು. ಮಧ್ಯಾಹ್ನ ಊಟದ ಹೊತ್ತಿನಿಂದ ಕಾಲೇಜು ಬಿಡುವವರೆಗೆ ಅಂಗಡಿಗೆ ನೊಣವೂ ಸುಳಿಯುವುದಿಲ್ಲ. ಆ ಹೊತ್ತಿನಲ್ಲಿ ನಾನು ಹಿಂದಿನ ಗೋಡೌನ್ ಕೋಣೆಯಲ್ಲಿ ಸಿರಪ್ಪಿನ ಪೆಟ್ಟಿಗೆಗಳ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ದೊಡ್ಡ ವಾದ್ಯವೃಂದಕ್ಕೆ ಸಂಗೀತ ಬರೆಯುತ್ತೇನೆ.

ಯಾರು ಕಲಿಸಿದರು ಅಂತ ಕೇಳಬೇಡಿ, ಯಾರೂ ಇಲ್ಲ. ಮಂಡ್ಯದಲ್ಲಿ ಓದುವಾಗ ಹಾಸ್ಟೆಲ್ಲಿನ ಟೀವಿಯಲ್ಲಿ ಒಂದು ಸಂಜೆ ಯಾವುದೋ ದೇಶದ ಕಪ್ಪು ಕೋಟಿನ ಜನ ಸಾಲುಸಾಲಾಗಿ ಕೂತು ಒಟ್ಟಿಗೆ ನುಡಿಸುವುದನ್ನು ಕಂಡೆ. ಯಾರೋ ಬಂದು ಚಾನೆಲ್ ಬದಲಿಸಿದರು, ನಾನು ಅಲ್ಲೇ ಉಳಿದೆ. ಆಮೇಲೆ ವಿಡಿಯೋ ನೋಡಿ ನೋಡಿ ಆ ಸಂಗೀತದ ಲಿಪಿ ಕಲಿತೆ. ಕಂಪ್ಯೂಟರಿನಲ್ಲಿ ಒಂದೊಂದೇ ಸ್ವರ ಕೂರಿಸಿ, ಅದೇ ಕೊಳಲಾಗಿ ಪಿಟೀಲಾಗಿ ನಗಾರಿಯಾಗಿ, ಹಾರ್ನ್ ಅನ್ನುವ ಹಿತ್ತಾಳೆಯ ಕಹಳೆಯಾಗಿ ನುಡಿಸುವುದನ್ನು ಕೇಳಿ ತಿದ್ದಿಕೊಂಡೆ. ಮದುವೆಯಾದ ಹೊಸದರಲ್ಲಿ ಅತ್ತೆಯ ಹತ್ತಿರ, ಆರ್ಕೆಸ್ಟ್ರಾಕ್ಕೆ ಬರೆಯುತ್ತೇನೆ ಅಂದುಬಿಟ್ಟಿದ್ದೆ. ನಮ್ಮ ಕಡೆ ಆರ್ಕೆಸ್ಟ್ರಾ ಅಂದರೆ ಗಣಪತಿ ಕೂರಿಸಿದಾಗ ಸ್ಟೇಜು ಕಟ್ಟಿ ಸಿನಿಮಾ ಹಾಡು ಹೇಳಿ ಕುಣಿಯುವುದು. ಸೊಸೆ ಸ್ಟೇಜು ಹತ್ತುತ್ತಾಳೆ ಅಂದುಕೊಂಡು ಅತ್ತೆ ಊಟ ಬಿಟ್ಟರು.

ಹೆತ್ತೋರಿಗೆ ಹೆಗ್ಗಣ ಮುದ್ದು ಅನ್ನುವುದು ನನಗೂ ಗೊತ್ತಿತ್ತು. ನನ್ನ ಹೆಗ್ಗಣದ ಬಗ್ಗೆ ನಿಜ ಹೇಳುವವರು ಯಾರೂ ಇರಲಿಲ್ಲ, ಅದೇ ನನ್ನ ಸಂಕಟ. ನಮ್ಮೆಜಮಾನ್ರಿಗೆ ಕೇಳಿಸಿದರೆ ಬಿಲ್ಲಿನಿಂದ ತಲೆ ಎತ್ತದೆ ಚೆನ್ನಾಗೇ ಅದೆ ಅನ್ನುವರು. ಇಂಟರ್ನೆಟ್ಟಿನಲ್ಲಿ ಹಾಕಿದರೆ ಮುಖ ನೋಡದ ಜನ ಹೆಬ್ಬೆರಳು ಎತ್ತಿ ಮುಂದಕ್ಕೆ ಹೋಗುವರು. ಹೊಗಳಿಕೆ ಹೊಟ್ಟೆ ತುಂಬಿಸುವುದಿಲ್ಲ ಅಂತ ಗೊತ್ತಾಗುವಷ್ಟು ಹೊಗಳಿಸಿಕೊಂಡಿದ್ದೆ. ಯಾರಾದರೂ ಕೂರಿಸಿಕೊಂಡು ಬೈಯಲಿ ಅಂತ ಕಾಯುವುದೂ ಒಂದು ರೋಗ, ಅದಕ್ಕೆ ನಮ್ಮ ಅಂಗಡಿಯಲ್ಲಿ ಮಾತ್ರೆಯಿಲ್ಲ.

ಒಂದು ವರ್ಷ ಮಳೆಗಾಲಕ್ಕೆ ಮುಂಚೆ ಮೈಸೂರಿನಿಂದ ಒಂದು ಸುದ್ದಿ ಬಂತು. ಅಲ್ಲಿನ ಒಂದು ವಾದ್ಯವೃಂದ, ಮೇಷ್ಟ್ರುಗಳು, ಚರ್ಚಿನಲ್ಲಿ ನುಡಿಸುವವರು, ಬೆಂಗಳೂರಿನಿಂದ ಬಂದು ಸೇರುವವರು ಎಲ್ಲ ಕಟ್ಟಿಕೊಂಡದ್ದು, ಹೊಸಬರು ಬರೆದ ಸಂಗೀತವನ್ನು ಚಳಿಗಾಲದಲ್ಲಿ ಒಂದು ದಿನ ನುಡಿಸಿ ನೋಡುತ್ತದಂತೆ. ದೀಪಾವಳಿಯೊಳಗೆ ಕಳಿಸಬೇಕು. ಬರೆದವರು ಎದುರಿಗೆ ಕೂತು ಕೇಳಬಹುದು. ನಾನು ಬರೆದ ಒಂದು ಸ್ವರವನ್ನೂ ಅಲ್ಲಿಯವರೆಗೆ ಉಸಿರಾಡುವ ಮನುಷ್ಯರು ನುಡಿಸಿರಲಿಲ್ಲ. ಒಂದು ಸಲ, ಒಂದೇ ಸಲ, ಅದನ್ನು ಕೇಳಿಬಿಟ್ಟರೆ ಸಾಕು, ಆಮೇಲೆ ಆಯುಷ್ಯವೆಲ್ಲ ಕೆಮ್ಮಿನ ಔಷಧಿ ಮಾರಿಕೊಂಡಿರುತ್ತೇನೆ ಅನ್ನಿಸಿತು. ಪುಟ್ಟಸ್ವಾಮಿ ಮೇಷ್ಟ್ರ ಹೆಸರು ಹೇಳಿದವನು ಔಷಧಿ ಕಂಪನಿಯ ರೆಪ್ಪು. ಹೊರ ರಾಜ್ಯಗಳಲ್ಲಿ ದೊಡ್ಡ ದೊಡ್ಡ ಬ್ಯಾಂಡು ನಡೆಸಿ ರಿಟೈರಾದವರು ಮಳವಳ್ಳಿಗೆ ಬಂದು ಒಬ್ಬರೇ ಇದ್ದಾರೆ, ಉಬ್ಬಸದ ಆಸಾಮಿ, ಬಾಯಿ ಮಾತ್ರ ಸರಿಯಿಲ್ಲ ಅಂದ. ಬಾಯಿ ಸರಿಯಿಲ್ಲದವರೇ ನನಗೆ ಬೇಕಾಗಿತ್ತು.

ಮಂಗಳವಾರ ಅಂಗಡಿಗೆ ರಜ. ಲ್ಯಾಪ್‌ಟಾಪ್ ಚೀಲಕ್ಕೆ ಹಾಕಿಕೊಂಡು, ಮದ್ದೂರಿನಿಂದ ಬರುವ ಬಸ್ಸು ಹಿಡಿದು ಮಳವಳ್ಳಿಗೆ ಹೋದೆ. ಮೇಷ್ಟ್ರು ಕೂರು ಅನ್ನಲಿಲ್ಲ. ಚಪ್ಪಲಿ ಹೊರಗೆ ಬಿಡಿ, ನಿಮ್ಮ ಸಂಗೀತ ಹಾಕಿ, ಹೇಗಿದೆ ನೋಡೋಣ ಅಂತ ಪೇಪರಿನ ಕನ್ನಡದಲ್ಲಿ ಹೇಳಿ ಕಣ್ಣು ಮುಚ್ಚಿದರು. ನಾಲೆಗೆ ನೀರು ಬಿಟ್ಟಾಗ ಒಣಗಿದ ಗದ್ದೆ ಬಯಲಿಗೆ ಅದು ಬಂದು ಸೇರುವುದನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು ನನ್ನ ಸಂಗೀತ. ಅರ್ಧವೂ ಆಗಿರಲಿಲ್ಲ, ಕೈ ಎತ್ತಿ ನಿಲ್ಲಿಸಿದರು.

"ಎಲ್ಲಾ ಕೂಳೆ ಬೆಳೆ ಕಣಮ್ಮಿ. ಯಾರೋ ನೆಟ್ಟವ್ರೆ, ಯಾರೋ ಕಡ್ಕೊಂಡೋಗವ್ರೆ, ಉಳ್ದಿರೋ ಬುಡ ಚಿಗುರ್ಕಂಡದೆ. ನೀನು ನೆಟ್ಟಿರೋದು ಯಾವ್ದು, ಅದ್ನ ತೋರ್ಸು."

ಕಬ್ಬಿನ ಸೀಮೆಯವಳಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಡಿದ ಕಬ್ಬಿನ ಬುಡದಿಂದ ತಾನಾಗಿ ಬರುವ ಎರಡನೇ ಬೆಳೆ ಕೂಳೆ. ನಾನು ಕೇಳಿದ ಸಿನಿಮಾ ಸಂಗೀತ, ವಿಡಿಯೋದಲ್ಲಿ ಕಂಡ ಹೊರಗಿನವರ ಸಂಗೀತ ಎಲ್ಲ ನನ್ನ ಹಾಳೆಯಲ್ಲಿ ಚಿಗುರಿಕೊಂಡಿತ್ತು, ಅವರು ಹೇಳಿದ ಮೇಲೆ ನನಗೂ ಕಂಡಿತು. ದೊಡ್ಡಿಗೆ ವಾಪಸು ಬರುವಾಗ ಬಸ್ಸಿನ ಕಿಟಕಿಗೆ ಮುಖ ಮಾಡಿಕೊಂಡು ಅತ್ತುಬಿಟ್ಟೆ. ಮುಂದಿನ ಮಂಗಳವಾರ ಮತ್ತೆ ಹೋದೆ.

ಕಲಿಸಲಿಲ್ಲ ಅಂದರೆ ಬಾಯಿಗೆ ಹುಳ ಬೀಳುತ್ತದೆ, ಕಲಿಸಿದರು. ಕಲಿಸಿದ ರೀತಿ ಹೇಳುತ್ತೇನೆ ಕೇಳಿ. ಎಲ್ಲ ವಾದ್ಯಗಳ ಸಾಲೂ ಒಟ್ಟಿಗೆ ಇರುವ ಹಾಳೆಗೆ ಸ್ಕೋರು ಅನ್ನುತ್ತಾರೆ. ಅದನ್ನು ಪ್ರಿಂಟು ಹಾಕಿಸಿ ತರಲು ಹೇಳಿದರು. ನನ್ನ ಕೊಳಲಿನ ಸಾಲು ನಿಲ್ಲದೆ ಪುಟ ದಾಟಿ ಹೋಗಿತ್ತು. ಕಂಪ್ಯೂಟರಿನ ಕೊಳಲಿಗೆ ಉಸಿರು ಬೇಕಾಗಿಲ್ಲವಲ್ಲ, ಅದು ಊದುತ್ತಲೇ ಇರುತ್ತದೆ. ಮೇಷ್ಟ್ರು ಹಾಳೆ ನೋಡಿ, ಕುರ್ಚಿಯಿಂದ ಅರ್ಧ ಎದ್ದರು. "ಇದ್ನ ಊದೋರು ಮನ್ಸ್ರಾ, ಇಲ್ಲ ಫ್ಯಾನಾ? ಉಸ್ರು ಎಲ್ಲಮ್ಮಿ ಬುಡ್ತಾರೆ?" ಆಮೇಲೆ ಅದೇ ಸಾಲನ್ನು ನಾನೇ ಬಾಯಲ್ಲಿ ಗುನುಗಬೇಕು, ಮಧ್ಯೆ ಉಸಿರು ತೆಗೆಯುವ ಹಾಗಿಲ್ಲ ಅಂತ ಅಪ್ಪಣೆಯಾಯಿತು. ಬೀದಿ ಬಾಗಿಲು ತೆರೆದೇ ಇತ್ತು. ಹೋಗುವವರು ಬರುವವರು ನಿಂತು ನೋಡಿದರು. ಕಣ್ಣು ಕತ್ತಲೆ ಬಂದು ಬಾಗಿಲ ಚೌಕಟ್ಟು ಹಿಡಿದುಕೊಂಡೆ. ಅಷ್ಟಾದ ಮೇಲೆ ಇನ್ನೂ ಅರ್ಧ ಪುಟ ಉಳಿದಿದೆ, ಮುಗಿಸಿ ಅಂದರು. ಉಬ್ಬಸದ ಮನುಷ್ಯನಿಗೆ ಇನ್ನೊಬ್ಬರ ಉಸಿರು ಕಟ್ಟಿಸುವುದರಲ್ಲಿ ಏನು ಸುಖವೋ. ಆದರೆ ಅವತ್ತಿನಿಂದ ಉಸಿರಿಗೆ ಜಾಗ ಬಿಡದೆ ಕೊಳಲಿಗೆ ನಾನು ಒಂದು ಸಾಲನ್ನೂ ಬರೆದಿಲ್ಲ.

ಆಷಾಢ ಹೀಗೇ ಕಳೆಯಿತು. ನಗಾರಿಗಳನ್ನು ಮುಕ್ಕಾಲು ಪಾಲು ಕಿತ್ತುಹಾಕಿಸಿದರು. ಎಲ್ಲರೂ ಒಟ್ಟಿಗೆ ನುಡಿಸುವ ಜಾಗ ಕಂಡಾಗಲೆಲ್ಲ, ಸಂತೆಯಲ್ಲಿ ಯಾರ ಮಾತು ಕೇಳಿಸುತ್ತದೆ ಅಂತ ಕೇಳಿದರು. ಸುಮ್ಮನಿರುವುದನ್ನೂ ಬರೆಯಬೇಕು ಅಂತ ನನಗೆ ಗೊತ್ತಾದದ್ದು ಆಗಲೇ. ನನ್ನ ಗಂಡನಿಗೆ ಕಿವಿಯಿಲ್ಲ, ಅದಕ್ಕೇ ಹೊಗಳುತ್ತಾನೆ ಅಂತ ನನ್ನೆದುರಿಗೇ ಅಂದರು, ಅದನ್ನೂ ನುಂಗಿಕೊಂಡೆ. ಹಾಳೆ ವಾರ ವಾರವೂ ಹಗುರವಾಗುತ್ತಿತ್ತು, ನನಗೇ ಕೇಳಿಸುವಷ್ಟು ಚೆನ್ನಾಗುತ್ತಿತ್ತು. ಬೈಗುಳ ತಿಂದು ಬಂದ ಮಂಗಳವಾರಗಳಂದೇ ನನಗೆ ಹೆಚ್ಚು ಹಸಿವಾಗುತ್ತಿತ್ತು.

ಉಳಿದದ್ದು ಪಿಟೀಲು. ನೀರು ಬಯಲಿಗೆ ಸೇರುವ ಜಾಗದಲ್ಲಿ ಪಿಟೀಲುಗಳಿಗೆ ಒಂದು ಉದ್ದನೆಯ ನಿಧಾನದ ಸಾಲು ಬರೆದಿದ್ದೆ, ಅದೇ ನನ್ನ ಸಂಗೀತದ ಜೀವ. ಮೇಷ್ಟ್ರು ಅದನ್ನು ಹಾಕಿಸಿ ಕೇಳಿ ಮುಖ ಕಿವುಚಿದರು.

"ಆಡ್ತಾ ಇಲ್ಲ ಕಣಮ್ಮಿ ನಿನ್ ಪಿಟೀಲು. ಸುಮ್ಕೆ ಗೋಡೆಗೆ ಸುಣ್ಣ ಬಳ್ದಂಗದೆ. ಆಡ್ಬೇಕು ಅದು, ಆಡ್ಬೇಕು."

ಆಡಬೇಕು. ಎಲೆ ಆಡಬೇಕು, ಕೈಕಾಲು ಆಡಬೇಕು, ಉಸಿರು ಆಡಬೇಕು. ನಿಂತ ನೀರಿನ ಹಾಗಿದೆ, ಚಲನೆಯಿಲ್ಲ ಅನ್ನುತ್ತಿದ್ದಾರೆ ಅಂತ ನನಗೆ ಅರ್ಥವಾಯಿತು. ಆ ವಾರವಿಡೀ ಕೂತು ಉದ್ದ ಸ್ವರಗಳನ್ನು ಒಡೆದು ಚಿಕ್ಕದು ಮಾಡಿದೆ. ಮುಂದಿನ ಮಂಗಳವಾರ ಕೇಳಿ, ಈಗಲೂ ಆಡ್ತಾ ಇಲ್ಲ ಅಂದರು, ಇನ್ನೂ ಹೆಚ್ಚು ಸಿಟ್ಟಿನಲ್ಲಿ. ಇನ್ನಷ್ಟು ಒಡೆದೆ. ಏರಿಳಿತ ಹಾಕಿದೆ, ಒಂದು ತಂತಿಯಿಂದ ಇನ್ನೊಂದಕ್ಕೆ ಹಾರಿಸಿದೆ. ಒಳಗೊಳಗೆ ಅದು ನನಗೆ ಹಿಡಿಸುತ್ತಿರಲಿಲ್ಲ. ಮೊದಲಿನ ಸಾಲನ್ನು ಮನೆಯಲ್ಲಿ ಪಾತ್ರೆ ತೊಳೆಯುವಾಗ ಗುನುಗುತ್ತಿದ್ದೆ, ಈ ಹೊಸದನ್ನು ಗುನುಗಲು ಯಾರಿಂದಲೂ ಆಗುತ್ತಿರಲಿಲ್ಲ. ಆದರೆ ಕೊಳಲಿನ ವಿಷಯದಲ್ಲಿ ಅವರೇ ಸರಿಯಿದ್ದರು, ನಗಾರಿಯ ವಿಷಯದಲ್ಲೂ ಸರಿಯಿದ್ದರು, ಇದರಲ್ಲಿ ತಪ್ಪುತ್ತಾರೆಯೇ ಅಂದುಕೊಂಡೆ.

ಗೌರಿ ಹಬ್ಬದ ಹಿಂದುಮುಂದು ಒಂದು ದಿನ ಹೊಸ ಹಾಳೆಗಳನ್ನು ಅವರ ಮುಂದೆ ಹರಡಿ, ಬೆರಳಿಗೆ ಬಿಡುವೇ ಇಲ್ಲದ ಹಾಗೆ ಆಡಿಸಿದ್ದೇನೆ ಮೇಷ್ಟ್ರೇ, ಇಷ್ಟು ಆಡಿದರೆ ಸಾಕಾ ಅಂತ ಕೇಳಿದೆ. ಅವರು ಹಾಳೆ ನೋಡಿದರು, ನನ್ನ ಮುಖ ನೋಡಿದರು, ಮತ್ತೆ ಹಾಳೆ ನೋಡಿದರು. ಆಮೇಲೆ ನಕ್ಕರು. ಆ ವರ್ಷದಲ್ಲಿ ಅವರು ನಕ್ಕದ್ದು ನಾನು ಕಂಡದ್ದು ಅದೊಂದೇ ಸಲ. ನಕ್ಕು ನಕ್ಕು ಕೆಮ್ಮು ಹತ್ತಿ, ನಾನೇ ಎದ್ದು ನೀರು ಕೊಟ್ಟೆ. ಆಮೇಲೆ ಸರಿ, ಹೀಗೇ ಮಾಡಿಕೊಂಡು ಹೋಗಿ ಅಂದರು. ಮೇಷ್ಟ್ರಿಗೆ ಕೊನೆಗೂ ಒಪ್ಪಿಗೆಯಾಯಿತು ಅಂತ ನಾನು ದೊಡ್ಡಿಯಲ್ಲಿ ಇಳಿದು ಅತ್ತೆಗೆ ಮಲ್ಲಿಗೆ ಹೂವು ಕೊಂಡುಕೊಂಡು ಹೋದೆ.

ದೀಪಾವಳಿಗೆ ಮುಂಚೆ ಕಳಿಸಿದೆ. ಸಕ್ಕರೆ ಕಾರ್ಖಾನೆಯ ಸೀಜನ್ನು ಶುರುವಾಗಿ ರಸ್ತೆ ತುಂಬ ಕಬ್ಬಿನ ಟ್ರ್ಯಾಕ್ಟರುಗಳು, ಬೆಳಿಗ್ಗೆ ಎದ್ದರೆ ಊರೆಲ್ಲ ಬೆಲ್ಲದ ಪಾಕ ಹುಳಿ ಬಂದ ವಾಸನೆ. ಆ ದಿನಗಳಲ್ಲೇ ಮೈಸೂರಿನವರ ಉತ್ತರ ಬಂತು, ನನ್ನದನ್ನು ಆರಿಸಿದ್ದರು. ನಮ್ಮೆಜಮಾನ್ರು ಆ ದಿನ ಅಂಗಡಿಗೆ ಬೀಗ ಹಾಕಿ, ಮದುವೆಗೆ ಹೊರಟವರ ಹಾಗೆ ಇಸ್ತ್ರಿ ಶರ್ಟು ಹಾಕಿಕೊಂಡು ನನ್ನ ಜೊತೆ ಹೊರಟರು.

ಅದೊಂದು ಶಾಲೆಯ ದೊಡ್ಡ ಹಾಲ್. ವೃಂದ ನಡೆಸುವವರು ನಡುವಯಸ್ಸಿನ ಒಬ್ಬ ಹೆಂಗಸು, ಮೆತ್ತಗಿನ ಮಾತು. ಎಲ್ಲರೂ ತಂತಿ ಬಿಗಿದು ಶ್ರುತಿ ಮಾಡಿಕೊಳ್ಳುವ ಸದ್ದಿಗೇ ನನ್ನ ಮೈ ಜುಮ್ಮೆಂದಿತು. ಅವರು ಕೋಲು ಎತ್ತಿದರು. ಕೊಳಲು ಬಂತು, ಎದುರಿಗಿದ್ದ ಹುಡುಗಿ ನಾನು ಬಿಟ್ಟ ಜಾಗದಲ್ಲೇ ಉಸಿರು ತೆಗೆದುಕೊಂಡಳು. ಆ ಒಂದು ಉಸಿರು ನಾನು ಬರೆದದ್ದು. ಅಷ್ಟು ಸಂತೋಷ ನನಗೆ ಅದಕ್ಕೆ ಮುಂಚೆಯೂ ಆಗಿರಲಿಲ್ಲ, ಆಮೇಲೂ ಆಗಿಲ್ಲ.

ಪಿಟೀಲು ಶುರುವಾಯಿತು. ಇರುವೆ ಗೂಡಿಗೆ ನೀರು ಹೊಯ್ದ ಹಾಗೆ ಸ್ವರಗಳು ಒಂದರ ಮೇಲೊಂದು ಬಿದ್ದು ಓಡಿದವು. ಒಬ್ಬರಿಗೊಬ್ಬರು ತಪ್ಪಿದರು. ಹಿಂದಿನ ಸಾಲಿನಲ್ಲಿ ಒಬ್ಬರು ಕಮಾನು ಕೆಳಗಿಳಿಸಿ ಪಕ್ಕದವರ ಕಿವಿಯಲ್ಲಿ ಏನೋ ಹೇಳಿದರು, ಆ ಪಕ್ಕದವರು ನಗು ತಡೆದುಕೊಂಡರು. ಮತ್ತೆ ಮೊದಲಿನಿಂದ ಪ್ರಯತ್ನಿಸಿದರು, ಮತ್ತೆ ಅದೇ ಆಯಿತು. ಆಗ ಆಯಮ್ಮ ಕೋಲು ಕೆಳಗಿಟ್ಟು ನನ್ನ ಕಡೆ ತಿರುಗಿದರು.

"ತುಂಬ ಕಷ್ಟಪಟ್ಟು ಬರೆದಿದ್ದೀರಿ ಮೇಡಂ. ಆದರೆ ಇಲ್ಲಿ ವಯೊಲಿನ್ ಹಾಡಬೇಕಲ್ಲವಾ? ಬರೀ ಓಡ್ತಾ ಇದೆ. ಹಾಡಬೇಕು."

ಹಾಡಬೇಕು. ಮೈಸೂರಿನ ಬಾಯಲ್ಲಿ ಆ ಹಕಾರ ಅಷ್ಟು ಸ್ಪಷ್ಟವಾಗಿ ಬಂದಾಗ ನನಗೆ ಮೇಷ್ಟ್ರ ಮಾತು ಅರ್ಥವಾಯಿತು. ಆಡಬೇಕು ಅಲ್ಲ, ಹಾಡಬೇಕು. ಮೇಷ್ಟ್ರು ಸಮಾಧಾನದಲ್ಲಿದ್ದಾಗ ಹೇಗೆ, ಹಾಳೆ, ಹಾಕಿ ಅಂತ ಹಕಾರಕ್ಕೆ ಒತ್ತು ಕೊಟ್ಟು ಮಾತಾಡುತ್ತಿದ್ದರು. ಸಿಟ್ಟು ಬಂದರೆ ಪೇಪರಿನ ಕನ್ನಡ ಕಳಚಿ ಮಳವಳ್ಳಿಯ ಮಾತು ಹೊರಗೆ ಬರುತ್ತಿತ್ತು, ಹಕಾರ ಉದುರುತ್ತಿತ್ತು. ಪಿಟೀಲಿನ ಮಾತು ಬಂದಾಗಲೆಲ್ಲ ಅವರಿಗೆ ಸಿಟ್ಟೇ. ನಮ್ಮ ಮನೆಯಲ್ಲಿ ಅತ್ತೆ ಆಡು ಅಂದರೆ ಅದು ಹಾಡೋ, ಆಟವೋ, ಕೊಟ್ಟಿಗೆಯ ಆಡೋ ಅಂತ ಸಂದರ್ಭ ನೋಡಿ ತಿಳಿದುಕೊಳ್ಳುತ್ತೇನೆ. ಪಿಟೀಲು ಹಾಡುತ್ತದೆ ಅಂತ ಮಾತ್ರ ನಮ್ಮ ಕಡೆ ಯಾರೂ ಅನ್ನುವುದಿಲ್ಲ, ಹಾಡುವುದು ಮನುಷ್ಯರು. ಹಾಗಾಗಿ ನನಗೆ ಹೊಳೆಯಲೇ ಇಲ್ಲ. ನನ್ನ ಮೊದಲಿನ ಸಾಲು ಹಾಡುವುದಕ್ಕೆ ಹತ್ತಿರದಲ್ಲೇ ಇತ್ತು. ಮಳೆಗಾಲವಿಡೀ ಕೂತು ನಾನೇ ಅದರ ಕತ್ತು ಹಿಸುಕಿದ್ದೆ.

ಮುಂದಿನವರ ಸಂಗೀತ ಕಾದಿತ್ತು, ನನ್ನದನ್ನು ಅಲ್ಲಿಗೇ ನಿಲ್ಲಿಸಿದರು. ನಿಶ್ಶಬ್ದವಾದ ಆ ಹಾಲಿನಲ್ಲಿ ನಮ್ಮೆಜಮಾನ್ರು, ಮುಗಿಯಿತು ಅಂದುಕೊಂಡು, ಹಿಂದಿನ ಬೆಂಚಿನಿಂದ ಒಬ್ಬರೇ ಜೋರಾಗಿ ಚಪ್ಪಾಳೆ ತಟ್ಟಿದರು. ಎಲ್ಲರೂ ತಿರುಗಿ ನೋಡಿದರು. ಬಸ್ಸಿನಲ್ಲಿ ಅವರು ಚೆನ್ನಾಗಿತ್ತು ಅಂತ ಬಾಯಿ ತೆರೆದಾಗ ಸುಮ್ಮನೆ ಕೂತುಕೊಳ್ಳಿ ಅಂತ ಗದರಿದೆ. ಮಂಡ್ಯದಲ್ಲಿ ಬಸ್ಸು ಬದಲಿಸುವವರೆಗೂ ಅವರು ಇಸ್ತ್ರಿ ಶರ್ಟಿನ ತೋಳು ಮಡಚುತ್ತಾ ಬಿಚ್ಚುತ್ತಾ ಕೂತಿದ್ದರು.

ಮಂಗಳವಾರ ಮಳವಳ್ಳಿಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದೆ. ತಪ್ಪು ಕೇಳಿಸಿಕೊಂಡೆ ಮೇಷ್ಟ್ರೇ, ನಿಮಗೂ ಗೊತ್ತಾಗಲಿಲ್ಲ, ನನಗೂ ಗೊತ್ತಾಗಲಿಲ್ಲ ಅಂದೆ. ಅವರು ಎದೆಗೆ ಎಣ್ಣೆ ತಿಕ್ಕುತ್ತಿದ್ದವರು ಕೈ ನಿಲ್ಲಿಸಲಿಲ್ಲ.

"ಗೌರಿ ಅಬ್ಬದ ಒತ್ಗೇ ಗೊತ್ತಾಯ್ತು ಕಣಮ್ಮಿ. ನೀನು ಎಲ್ಲಿಗಂಟ ಓಯ್ತೀಯ ನೋಡವ ಅಂತ ಸುಮ್ಕಿದ್ದೆ."

ಯಾಕೆ ಅಂತ ಕೇಳಿದೆ. ಮಾತು ಮಳವಳ್ಳಿಯದೇ, ಆದರೆ ಸಿಟ್ಟೂ ಇಲ್ಲ, ನಗುವೂ ಇಲ್ಲ, ಹವಾಮಾನ ಹೇಳುವವರ ಹಾಗೆ ಹೇಳಿದರು. "ಒಂದ್ ವಾರನಾದ್ರೂ ಇಲ್ಲ ಮೇಷ್ಟ್ರೇ, ಇದು ಕೇಳಕ್ಕಾಯ್ತಿಲ್ಲ ಅಂದ್ಯಾ? ಬಾವಿಗೆ ಬೀಳು ಅಂದ್ರೂ ಬೀಳೋಳು ನೀನು. ನಿಂಗೇ ಕಿವಿ ಇಲ್ದಿದ್ರೆ ನನ್ ಕಿವಿ ಎಷ್ಟ್ ದಿನ ಎರವಲು ಕೊಡ್ಲಿ?"

ನನಗೆ ಇದ್ದದ್ದು ಆ ಒಂದೇ ಸಲ ಅಂದೆ. ಗೊತ್ತು ಅಂದರು. ಅಷ್ಟೇ ಅಂದರು. ಬೇಕಾದರೆ ಮಾತಿನಲ್ಲಿ ಹೇಳಬಹುದಾಗಿದ್ದ ಪಾಠಕ್ಕೆ ನನ್ನ ಆ ದಿನವನ್ನು ಸುಟ್ಟಿದ್ದರು. ಅವರು ಹೇಳಿದ್ದರಲ್ಲಿ ನಿಜ ಇರಬಹುದು, ಇದೆ ಅಂತಲೇ ಇಟ್ಟುಕೊಳ್ಳಿ. ಹಾಗಂತ ಕ್ಷಮಿಸಬೇಕೇ? ನಮ್ಮಲ್ಲಿ ಯಾರ ಮನೆಯಿಂದ ಹೊರಡುವಾಗಲೂ ಬತ್ತೀನಿ ಅನ್ನುತ್ತೇವೆ, ಹೋಗುತ್ತೇನೆ ಅನ್ನುವುದು ಅಪಶಕುನ. ನಾನು ಅವರ ಹೊಸಿಲಲ್ಲಿ ನಿಂತು, ಅವರ ಕಣ್ಣು ನೋಡಿ, "ಓಯ್ತೀನಿ" ಅಂದು ಮೆಟ್ಟಿಲಿಳಿದೆ.

ಮೈಸೂರಿನವರು ಮತ್ತೆ ಕರೆಯುತ್ತಾರೆ ಅಂದುಕೊಂಡಿದ್ದೆ. ಅದೂ ಆಗಲಿಲ್ಲ. ಕೆಲವರು ಊರು ಬಿಟ್ಟರು, ಜಾಗ ಕೊಡುತ್ತಿದ್ದ ಶಾಲೆಯವರು ಬೇಡ ಅಂದರು, ಆ ವೃಂದವೇ ಚದುರಿಹೋಯಿತು. ನಾನು ಮಧ್ಯಾಹ್ನಗಳಲ್ಲಿ ಕೂತು ಪಿಟೀಲಿನ ಸಾಲನ್ನು ಮೊದಲಿನಿಂದ ಬರೆದೆ. ಯಾರಿಗೂ ಕೇಳಿಸಲಿಲ್ಲ, ಯಾರನ್ನೂ ಕೇಳಲಿಲ್ಲ. ಒಂದು ಸಾಲು ಕಿವಿಗೆ ಹಿಡಿಸದಿದ್ದರೆ ಎಷ್ಟು ಕಷ್ಟಪಟ್ಟದ್ದಾದರೂ ಅಳಿಸಿದೆ.

ಊರಿಗೆ ಬಂದೋಳು ನೀರಿಗೆ ಬಾರದೆ ಇರುತ್ತಾಳಾ ಅನ್ನುತ್ತಾರೆ. ಬೇಸಿಗೆಯ ಒಂದು ಮಧ್ಯಾಹ್ನ ಮೇಷ್ಟ್ರು ನಮ್ಮ ಅಂಗಡಿಯ ಕಟ್ಟೆಯ ಮುಂದೆ ನಿಂತಿದ್ದರು. ಮಳವಳ್ಳಿಯಲ್ಲಿ ಇಲ್ಲದ ಯಾವುದೋ ಮಾತ್ರೆ ಹುಡುಕಿಕೊಂಡು ಬಂದಿದ್ದರು. ಒಳಗೆ ಲ್ಯಾಪ್‌ಟಾಪಿನಲ್ಲಿ ನನ್ನ ನಾಲೆಯ ನೀರು ಹರಿಯುತ್ತಿತ್ತು. ನಾನು ನಿಲ್ಲಿಸಲೂ ಇಲ್ಲ, ಜೋರು ಮಾಡಲೂ ಇಲ್ಲ. ಮಾತ್ರೆ ಹುಡುಕುವ ನೆಪದಲ್ಲಿ ಕಪಾಟಿನ ಕಡೆ ತಿರುಗಿಕೊಂಡೆ. ಪಿಟೀಲು ಬಂದು, ತುಂಬಿ, ಮುಗಿಯುವವರೆಗೆ ಅವರು ಚೀಟಿ ಹಿಡಿದುಕೊಂಡು ನಿಂತೇ ಇದ್ದರು. ಯಾರಾದರೂ ನುಡಿಸಿದರಾ ಅಂತ ಕೇಳಿದರು. ಇಲ್ಲ ಅಂದೆ. ಯಾರು ನುಡಿಸ್ತಾರೆ ನೋಡವ ಅಂತ ಸುಮ್ಕಿದ್ದೀನಿ ಅಂತ ಅವರ ಮಾತನ್ನೇ ಅವರಿಗೆ ತಿರುಗಿಸಿದೆ. ಅವರ ಮುಖ ಸಣ್ಣದಾಯಿತು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ನನಗೆ ಅದು ಹಿತವಾಗಿಯೇ ಇತ್ತು.

ಮಾತ್ರೆ ಜೇಬಿಗೆ ಹಾಕಿಕೊಂಡು ಎರಡು ಹೆಜ್ಜೆ ಹೋದವರು ತಿರುಗಿ ನಿಂತರು. "ಎರಡ್ನೇ ಆರ್ನು ಜಾಸ್ತಿಯಾಯ್ತು. ತೆಗ್ದಾಕು."

"ನನ್ ಕಿವಿಗೆ ಸರಿಯಾಗೇ ಅದೆ ಮೇಷ್ಟ್ರೇ."

ಅವರು ಬಸ್ಸಿನ ಕಡೆ ನಡೆದರು. ನಾನು ಒಳಗೆ ಹೋಗಿ ಅದೇ ಜಾಗವನ್ನು ಮತ್ತೆ ಮತ್ತೆ ಹಾಕಿ ಕೇಳಿದೆ. ಕಂಪ್ಯೂಟರಿನ ಹಾರ್ನ್ ನಾನು ಹೇಳಿದಷ್ಟೇ ಊದುತ್ತದೆ, ಜಾಸ್ತಿ ಊದು ಅಂದರೆ ಜಾಸ್ತಿ, ಕಮ್ಮಿ ಊದು ಅಂದರೆ ಕಮ್ಮಿ. ಅವರು ಸರಿಯೋ ನಾನು ಸರಿಯೋ ಅಂತ ಹೇಳಬೇಕಾದವರು ಎದುರಿಗೆ ಕೂತು ಊದುವ ಮನುಷ್ಯರು. ಅಂಥವರಿಬ್ಬರು ಮೈಸೂರಿನ ಆ ಹಾಲಿನಲ್ಲಿ ಹಾರ್ನ್ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಅವರ ಸರದಿ ಬರುವ ಮುಂಚೆಯೇ ನನ್ನ ಸಂಗೀತವನ್ನು ನಿಲ್ಲಿಸಿದ್ದರು.